ಮೆಟ್‌ಫಾರ್ಮಿನ್ ಒಂದೇ ಸಾಲದಾದಾಗ: ಜೊತೆಗೆ ಯಾವ ಮಾತ್ರೆ?

ಬೆಳಿಗ್ಗೆ ಮೆಟ್‌ಫಾರ್ಮಿನ್ 1000, ರಾತ್ರಿ 1000. ಮೂರು ತಿಂಗಳು ತಪ್ಪದೆ ನುಂಗಿದ ಮೇಲೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 8.2. ಟೈಪ್ 2 ಮಧುಮೇಹದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಬಂದು ನಿಲ್ಲುವ ಜಾಗ ಇದು. ಡಾಕ್ಟರು ಚೀಟಿಯಲ್ಲಿ ಎರಡನೇ ಮಾತ್ರೆ ಬರೆಯುತ್ತಾರೆ. ಇದೇ ಏಕೆ, ಬೇರೆಯದು ಏಕಲ್ಲ ಎಂದು ಕೇಳುವಷ್ಟು ಪುರುಸೊತ್ತು ಓಪಿಡಿಯಲ್ಲಿ ಸಿಗುವುದಿಲ್ಲ. ಆ ಆಯ್ಕೆಯ ಹಿಂದಿನ ಲೆಕ್ಕಾಚಾರ ಏನು, ನಿಮ್ಮ ಯಾವ ಸಂಗತಿ ತಿಳಿದರೆ ಡಾಕ್ಟರು ಬೇರೆ ಮಾತ್ರೆ ಬರೆದಾರು ಎಂಬುದನ್ನು ಇಲ್ಲಿ ಬಿಡಿಸಿದ್ದೇವೆ. ನೀವೇ ಮಾತ್ರೆ ಸೇರಿಸಿಕೊಳ್ಳಲಿ ಎಂದಲ್ಲ. ಸರಿಯಾದ ಪ್ರಶ್ನೆ ಕೇಳಲಿ ಎಂದು.

ಎರಡನೆಯದಕ್ಕೆ ಹೋಗುವ ಮುನ್ನ

ಮೊದಲನೆಯದು ಪೂರ್ತಿ ಕೆಲಸ ಮಾಡುತ್ತಿದೆಯೇ ನೋಡಬೇಕು. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ 500 ಮಿ.ಗ್ರಾಂನಿಂದ ಶುರುವಾಗಿ, ವಾರಕ್ಕಿಷ್ಟು ಎಂದು ಏರಿ, ದಿನಕ್ಕೆ 2000ಕ್ಕೆ ನಿಲ್ಲುತ್ತದೆ. ಭೇದಿ, ಹೊಟ್ಟೆ ತೊಳಸು, ಬಾಯಲ್ಲಿ ಲೋಹದ ರುಚಿ ಬಂತೆಂದು ಎಷ್ಟೋ ಜನ ಡಾಕ್ಟರಿಗೆ ಹೇಳದೆ ಅರ್ಧಕ್ಕೆ ಇಳಿಸಿಕೊಂಡಿರುತ್ತಾರೆ. ಅವರಿಗೆ ಬೇಕಾದ್ದು ಹೊಸ ಔಷಧಿಯಲ್ಲ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಅಥವಾ ಎಕ್ಸ್‌ಆರ್ ಮಾತ್ರೆಯನ್ನು ರಾತ್ರಿ ಊಟದ ಜೊತೆ ತೆಗೆದುಕೊಂಡರೆ ಬಹಳ ಸಲ ತೊಂದರೆ ತಗ್ಗುತ್ತದೆ. ಈ ಮಾತ್ರೆಯ ಚಿಪ್ಪು ಕೆಲವೊಮ್ಮೆ ಮಲದಲ್ಲಿ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಔಷಧಿ ಒಳಗೆ ಹೋಗಿರುತ್ತದೆ, ಗಾಬರಿ ಬೇಡ.

ಎಚ್‌ಬಿಎ1ಸಿ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತಸ್ರಾವ ಆಗಿದ್ದರೆ ಅಥವಾ ರಕ್ತ ಏರಿಸಿದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ 8 ಇರುವ ಹೆಂಗಸರ ಎಚ್‌ಬಿಎ1ಸಿ ನೋಡಿ ಮಾತ್ರೆ ಏರಿಸುವ ಮುಂಚೆ ಗ್ಲುಕೋಮೀಟರಿನ ಲೆಕ್ಕದೊಡನೆ ತಾಳೆ ಹಾಕಬೇಕು. ಮಂಡಿನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದೂ ಶುಗರ್ ಏರಿಸುತ್ತದೆ, ಹೇಳಲೇಬೇಕು.

ಇನ್ನೊಂದು ಸಂಗತಿ. ಎಚ್‌ಬಿಎ1ಸಿ 10 ದಾಟಿ, ಬಾಯಾರಿಕೆ ಅತಿಯಾಗಿ, ಮೈ ಇಳಿದು ಬಟ್ಟೆ ಸಡಿಲವಾಗುತ್ತಿದ್ದರೆ ಮಾತ್ರೆಗಳನ್ನು ಹೋಲಿಸುತ್ತ ಕೂರುವ ಹೊತ್ತಲ್ಲ ಅದು. ಅಲ್ಲಿ ಮೊದಲು ಇನ್ಸುಲಿನ್. ಪರಿಸ್ಥಿತಿ ತಹಬಂದಿಗೆ ಬಂದ ಮೇಲೆ ಮಾತ್ರೆಗೆ ಮರಳುವ ದಾರಿ ಅನೇಕರಿಗೆ ತೆರೆದೇ ಇರುತ್ತದೆ.

ಎಷ್ಟು ಇಳಿಸುತ್ತದೆ ಎನ್ನುವುದು ಕೊನೆಯ ಪ್ರಶ್ನೆ

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ. ಮೆಟ್‌ಫಾರ್ಮಿನ್ ಜೊತೆ ಸೇರಿಸಿದಾಗ ಗ್ಲಿಮೆಪಿರೈಡ್ ಜಾತಿಯವು ಎಚ್‌ಬಿಎ1ಸಿಯನ್ನು ಸುಮಾರು 1 ಅಂಕ ಇಳಿಸುತ್ತವೆ, ಪಯೋಗ್ಲಿಟಜೋನ್ ಹತ್ತಿರಹತ್ತಿರ ಅಷ್ಟೇ, ಗ್ಲಿಪ್ಟಿನ್‌ಗಳೂ (ಸಿಟಾಗ್ಲಿಪ್ಟಿನ್ ಥರದವು) ಗ್ಲಿಫ್ಲೋಜಿನ್‌ಗಳೂ (ಡಾಪಾಗ್ಲಿಫ್ಲೋಜಿನ್ ಥರದವು) 0.5ರಿಂದ 0.8, ವೋಗ್ಲಿಬೋಸ್ ಅರ್ಧ ಅಂಕದ ಆಸುಪಾಸು. ಶುರುವಿನಲ್ಲಿ ಹೆಚ್ಚಿದ್ದವರಿಗೆ ಇಳಿತವೂ ಹೆಚ್ಚು. ಅಂದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಅರ್ಧ ಅಂಕ. ಆದರೆ ಇವು ದೇಹಕ್ಕೆ ಮಾಡುವ ಉಪಕಾರದಲ್ಲಿ, ಅಪಕಾರದಲ್ಲಿ ಇರುವ ಅಂತರ ಅಜಗಜಾಂತರ. ಆದ್ದರಿಂದ ಕೇಳಬೇಕಾದ ಕ್ರಮ ಹೀಗೆ: ಹೃದಯ ಹೇಗಿದೆ, ಕಿಡ್ನಿ ಹೇಗಿದೆ, ಶುಗರ್ ದಿಢೀರ್ ಇಳಿದರೆ ಈ ಮನುಷ್ಯನಿಗೆ ಏನಾದೀತು, ತೂಕ ಎಷ್ಟು, ತಿಂಗಳಿಗೆ ಎಷ್ಟು ದುಡ್ಡು ಹಾಕಬಲ್ಲರು. ಈ ಐದಕ್ಕೆ ಉತ್ತರ ಸಿಕ್ಕಾಗ ಆಯ್ಕೆ ಒಂದೆರಡಕ್ಕೆ ಇಳಿದಿರುತ್ತದೆ.

ಇರುವ ಮಾತ್ರೆಯ ಡೋಸ್ ಏರಿಸುವುದಕ್ಕಿಂತ ಬೇರೆ ಬಗೆಯದನ್ನು ಸೇರಿಸುವುದೇ ಏಕೆ? ಈ ಔಷಧಿಗಳಲ್ಲಿ ಬಹುಪಾಲು ಲಾಭ ಅರ್ಧ ಡೋಸಿನಲ್ಲೇ ಬಂದಿರುತ್ತದೆ. ಗ್ಲಿಮೆಪಿರೈಡ್ 4 ಮಿ.ಗ್ರಾಂ ಮೀರಿದರೆ ಶುಗರ್ ಇಳಿಯುವುದು ಅಲ್ಪ, ಅಪಾಯ ಮಾತ್ರ ಏರುತ್ತದೆ. ಬೇರೆ ಬಗೆಯದು ಬೇರೆ ಬಾಗಿಲಿನಿಂದ ಕೆಲಸ ಮಾಡುತ್ತದೆ. ಮೆಟ್‌ಫಾರ್ಮಿನ್ ಯಕೃತ್ತು ಸಕ್ಕರೆ ಸುರಿಯುವುದನ್ನು ತಡೆಯುತ್ತದೆ, ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ತೆಗೆಯುತ್ತದೆ, ಗ್ಲಿಪ್ಟಿನ್ ಕರುಳಿನ ಹಾರ್ಮೋನು ಬೇಗ ಕರಗದಂತೆ ಕಾಯುತ್ತದೆ, ಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರಕ್ಕೆ ದಾಟಿಸುತ್ತದೆ, ಪಯೋಗ್ಲಿಟಜೋನ್ ಇನ್ಸುಲಿನ್ನಿನ ಮಾತನ್ನು ಸ್ನಾಯು, ಕೊಬ್ಬು ಕೇಳುವಂತೆ ಮಾಡುತ್ತದೆ, ವೋಗ್ಲಿಬೋಸ್ ಅನ್ನದ ಪಿಷ್ಟ ಒಡೆಯುವುದನ್ನು ನಿಧಾನಿಸುತ್ತದೆ. ಒಂದೇ ಬಾಗಿಲಿನ ಎರಡನ್ನು ಸೇರಿಸಿದರೆ ಪ್ರಯೋಜನವಿಲ್ಲ. ಗ್ಲಿಮೆಪಿರೈಡ್ ಜೊತೆ ಗ್ಲಿಕ್ಲಜೈಡ್, ಸಿಟಾಗ್ಲಿಪ್ಟಿನ್ ಜೊತೆ ಲಿನಾಗ್ಲಿಪ್ಟಿನ್ ಕೂಡದು. ಇಬ್ಬರು ಡಾಕ್ಟರ ಚೀಟಿಗಳು ಒಂದೇ ಡಬ್ಬಿಗೆ ಬಿದ್ದಾಗ ಇಂಥ ಜೋಡಿ ಆಗುತ್ತದೆ.

ಹೃದಯ, ಕಿಡ್ನಿ ತೊಂದರೆ ಇದ್ದರೆ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್

ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಒತ್ತಲಾಗದ ಸ್ಥಿತಿ) ಆಗಿರುವವರು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿರುವವರು, ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 60ಕ್ಕಿಂತ ಕೆಳಗೆ ಬಂದವರು — ಇವರಿಗೆ ಮೊದಲು ಯೋಚಿಸಬೇಕಾದ್ದು ಈ ಗುಂಪು. ಎಚ್‌ಬಿಎ1ಸಿ ಈಗಾಗಲೇ 7 ಇದ್ದರೂ ಹೀಗೇ. 2015ರ ಎಂಪಾ-ರೆಗ್, 2019ರ ಡಾಪಾ-ಎಚ್‌ಎಫ್, 2020ರ ಡಾಪಾ-ಸಿಕೆಡಿ ಅಧ್ಯಯನಗಳು ಈ ಮಾತ್ರೆಗಳನ್ನು ಶುಗರ್ ಔಷಧಿಯ ಸಾಲಿನಿಂದ ಎತ್ತಿ ಹೃದಯ-ಕಿಡ್ನಿ ಔಷಧಿಯ ಸಾಲಿಗೂ ಸೇರಿಸಿದವು. ಡೋಸ್ ಸುಲಭ: ಎರಡರಲ್ಲಿ ಯಾವುದಾದರೂ ದಿನಕ್ಕೊಮ್ಮೆ 10 ಮಿ.ಗ್ರಾಂ. ಬೆಳಿಗ್ಗೆ ತೆಗೆದುಕೊಳ್ಳುವುದು ಮೇಲು, ಇಲ್ಲದಿದ್ದರೆ ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ. ತೂಕ ಎರಡು ಮೂರು ಕೆ.ಜಿ. ಇಳಿಯುತ್ತದೆ, ಬಿಪಿಯೂ ಸ್ವಲ್ಪ ತಗ್ಗುತ್ತದೆ. ಇಜಿಎಫ್‌ಆರ್ 45ಕ್ಕಿಂತ ಕೆಳಗಿದ್ದರೆ ಶುಗರ್ ಇಳಿಸುವ ಶಕ್ತಿ ಕುಂದುತ್ತದೆ. ಹೃದಯ-ಕಿಡ್ನಿಗೆ ಸಿಗುವ ರಕ್ಷಣೆ ಉಳಿದಿರುತ್ತದೆ. ಶುಗರ್ ಇಳಿಯಲಿಲ್ಲ ಎಂದು ಇಂಥವರ ಮಾತ್ರೆ ನಿಲ್ಲಿಸುವುದು ತಪ್ಪು.

ಶುರು ಮಾಡಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಅಂಕಿ) ಸ್ವಲ್ಪ ಏರುವುದುಂಟು, ಅದು ನಿರೀಕ್ಷಿತ. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬರುತ್ತದೆ. ಅದು ಮಾತ್ರೆಯ ಕೆಲಸವೇ. ಲ್ಯಾಬಿನವರು ಗಾಬರಿಪಡಿಸಿದರೆ ಮಾತ್ರೆಯ ಹೆಸರು ಹೇಳಿ.

ಕೆಡುವುದು ಎಲ್ಲಿ? ಮೊದಲನೆಯದು ಗುಪ್ತಾಂಗದ ಬೂಷ್ಟು ಸೋಂಕು. ಹೆಂಗಸರಲ್ಲಿ ಹೆಚ್ಚು, ಗಂಡಸರಲ್ಲೂ ಉಂಟು. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಪ್ರತಿ ಸಲ ಮೂತ್ರದ ನಂತರ ಬರಿಯ ನೀರಿನಲ್ಲಿ ತೊಳೆದು ಒರೆಸಿಕೊಂಡರೆ ಬಹಳಷ್ಟು ತಪ್ಪುತ್ತದೆ. ಬಂದರೂ ಮುಲಾಮಿಗೆ ಬಗ್ಗುತ್ತದೆ. ಆ ಜಾಗದಲ್ಲಿ ತೀವ್ರ ನೋವು, ಬಾವು, ಜೊತೆಗೆ ಜ್ವರ ಬಂದರೆ ಮಾತ್ರ ಅಪರೂಪದ ಆದರೆ ಪ್ರಾಣಕ್ಕೆ ಸಂಚಕಾರ ತರುವ ಸೋಂಕು; ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಕೀಟೋಆಸಿಡೋಸಿಸ್, ಅಂದರೆ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುವುದು. ಇದರ ಮೋಸ ಏನೆಂದರೆ ಗ್ಲುಕೋಮೀಟರ್ 180, 200 ಅಷ್ಟೇ ತೋರಿಸುತ್ತಿರುತ್ತದೆ, ಒಳಗೆ ರಕ್ತ ಆಮ್ಲವಾಗಿರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದು ಶುಗರ್ ಸುಮಾರಾಗಿದೆ ಎಂದರೆ ಸಮಾಧಾನಪಡುವಂತಿಲ್ಲ. ರಕ್ತದ ಕೀಟೋನ್ ನೋಡಲೇಬೇಕು. ಅನ್ನ, ಚಪಾತಿ ಪೂರ್ತಿ ಬಿಟ್ಟು ಕೀಟೋ ಡಯಟ್ ಮಾಡುವವರು, ಒಣಕಲು ಮೈಯವರು, ಬಹಳ ವರ್ಷಗಳ ಕಾಯಿಲೆಯಿಂದ ಇನ್ಸುಲಿನ್ ಬತ್ತಿದವರು ಈ ಮಾತ್ರೆಗೆ ತಕ್ಕವರಲ್ಲ. ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ನುಂಗುವವರಿಗೆ, ಬೇಸಿಗೆಯಲ್ಲಿ ಗದ್ದೆಯಲ್ಲೋ ಕಟ್ಟಡದ ಮೇಲೋ ದುಡಿಯುವವರಿಗೆ ನೀರು ಬತ್ತಿ ತಲೆಸುತ್ತು ಬರಬಹುದು. ಆ ಮೂತ್ರ ಹೋಗಿಸುವ ಮಾತ್ರೆಯನ್ನು ತಗ್ಗಿಸಬೇಕಾದೀತು.

ದುಡ್ಡು ಮುಖ್ಯವಾದರೆ: ಗ್ಲಿಮೆಪಿರೈಡ್, ಗ್ಲಿಕ್ಲಜೈಡ್

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಒಂದೆರಡು ವಾರದಲ್ಲೇ ಅಂಕಿ ಇಳಿಯುತ್ತದೆ. ಗ್ಲಿಮೆಪಿರೈಡ್ 1 ಮಿ.ಗ್ರಾಂನಿಂದ ಶುರು, ಗ್ಲಿಕ್ಲಜೈಡ್ ಎಂಆರ್ (ನಿಧಾನವಾಗಿ ಬಿಡುಗಡೆಯಾಗುವ ಬಗೆ) 30ರಿಂದ 120ರವರೆಗೆ. ದಿನದ ಮೊದಲ ಊಟದ ಜೊತೆ, ಅಥವಾ ಅದಕ್ಕೆ ಸ್ವಲ್ಪ ಮುಂಚೆ. ಇವು ಹೃದಯಕ್ಕೆ ಕೆಡುಕು ಎಂಬ ಹಳೆಯ ಅನುಮಾನವಿತ್ತು. ಗ್ಲಿಮೆಪಿರೈಡನ್ನು ಲಿನಾಗ್ಲಿಪ್ಟಿನ್ ಜೊತೆ ನೇರ ಹೋಲಿಸಿದ ಕ್ಯಾರೊಲಿನಾ ಅಧ್ಯಯನ 2019ರಲ್ಲಿ ಹೃದಯದ ಮಟ್ಟಿಗೆ ಎರಡೂ ಸಮವೆಂದು ತೋರಿಸಿತು. ಲೋ ಶುಗರ್ ಮಾತ್ರ ಗ್ಲಿಮೆಪಿರೈಡಿನಲ್ಲಿ ಬಹಳ ಹೆಚ್ಚಿತ್ತು.

ತೊಡಕೆಲ್ಲ ಅಲ್ಲೇ. ಈ ಮಾತ್ರೆ ನೀವು ಉಂಡಿರೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ, ಎರಡು ಇಡ್ಲಿ ತಿಂದು ಮದುವೆ ಮನೆಗೆ ಹೋದಿರಿ. ಪಂಕ್ತಿ ಮೂರು ಗಂಟೆಗೆ ಬಿತ್ತು. ಅಷ್ಟರಲ್ಲಿ ಬೆವರು, ನಡುಕ, ಕಣ್ಣು ಮಂಜು. ಏಕಾದಶಿ, ಶಿವರಾತ್ರಿ ಮಾಡುವವರು, ರಂಜಾನ್ ಉಪವಾಸದವರು ಇದನ್ನು ಮುಂಚೆಯೇ ಡಾಕ್ಟರಿಗೆ ಹೇಳಿ ಆ ದಿನಗಳ ಡೋಸ್ ಬದಲಿಸಿಕೊಳ್ಳಬೇಕು. ಬಸ್ಸು, ಲಾರಿ ಓಡಿಸುವವರು, ಎತ್ತರದಲ್ಲಿ ಕೆಲಸ ಮಾಡುವವರು, ಒಬ್ಬರೇ ಇರುವ ವಯಸ್ಸಾದವರು ಸಾಧ್ಯವಾದರೆ ಬೇರೆ ಗುಂಪಿಗೆ ಹೋಗುವುದೇ ಸರಿ. ಹಳೆಯ ಗ್ಲಿಬೆನ್‌ಕ್ಲಮೈಡ್ ಇನ್ನೂ ನುಂಗುತ್ತಿರುವ ಎಪ್ಪತ್ತರ ಅಜ್ಜಿ, ತಾತ ಮನೆಯಲ್ಲಿದ್ದರೆ ಅದನ್ನು ಬದಲಿಸಬಹುದೇ ಎಂದು ಕೇಳಿ. ಕಿಡ್ನಿ ಕುಂದಿದಾಗ ಅದು ದೇಹದಲ್ಲಿ ಉಳಿದು ಗಂಟೆಗಟ್ಟಲೆ ಶುಗರ್ ಕೆಳಗೆಳೆಯುತ್ತದೆ.

70ರ ಕೆಳಗೆ ಬಂದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕುಡಿದು, ಆಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ಈ ಗುಂಪಿನ ಮಾತ್ರೆಯಿಂದ ಬಂದ ಲೋ ಶುಗರ್ ಒಮ್ಮೆ ಸರಿಹೋದಂತೆ ಕಂಡು ಮತ್ತೆ ಬೀಳುತ್ತದೆ. ವಯಸ್ಸಾದವರನ್ನು ಒಂದು ದಿನವಾದರೂ ಆಸ್ಪತ್ರೆಯಲ್ಲಿ ಇಟ್ಟು ನೋಡುವುದು ಅದಕ್ಕೇ.

ಇಲ್ಲೊಂದು ಸರಪಳಿ ಇದೆ. ಡಾಪಾಗ್ಲಿಫ್ಲೋಜಿನ್‌ನಿಂದ ಬೂಷ್ಟು ಸೋಂಕು ಬರುತ್ತದೆ, ಅದಕ್ಕೆ ಫ್ಲುಕೊನಜೋಲ್ ಮಾತ್ರೆ ಕೊಡುತ್ತಾರೆ, ಅದು ಗ್ಲಿಮೆಪಿರೈಡ್ ದೇಹದಲ್ಲಿ ಕರಗದಂತೆ ತಡೆದು ಶುಗರನ್ನು ಪಾತಾಳಕ್ಕೆ ಇಳಿಸುತ್ತದೆ. ಕೋ-ಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್ ಕೂಡ ಹೀಗೇ. ಚರ್ಮದ ಡಾಕ್ಟರ ಹತ್ತಿರ ಹೋದಾಗಲೂ ಶುಗರ್ ಮಾತ್ರೆಯ ಚೀಟಿ ಕೈಯಲ್ಲಿರಲಿ.

ಲೋ ಶುಗರ್ ಭಯವಾದರೆ: ಗ್ಲಿಪ್ಟಿನ್‌ಗಳು

ಮೆಟ್‌ಫಾರ್ಮಿನ್ ಜೊತೆ ಇವು ಶುಗರನ್ನು ದಿಢೀರ್ ಇಳಿಸುವುದಿಲ್ಲ, ತೂಕ ಏರಿಸುವುದಿಲ್ಲ, ಹೊಟ್ಟೆ ಕೆಡಿಸುವುದೂ ಕಡಿಮೆ. ಅಷ್ಟೇ ಸೌಮ್ಯ ಇವುಗಳ ಶಕ್ತಿಯೂ. ಮೆಟ್‌ಫಾರ್ಮಿನ್‌ಗೆ ನಾಲ್ಕು ಬೇರೆ ಬೇರೆ ಔಷಧಿ ಸೇರಿಸಿ ಸರಾಸರಿ ಐದು ವರ್ಷ ಹೋಲಿಸಿದ ಅಮೆರಿಕದ ಗ್ರೇಡ್ ಅಧ್ಯಯನದಲ್ಲಿ (2022) ಎಚ್‌ಬಿಎ1ಸಿಯನ್ನು 7ರ ಕೆಳಗೆ ಹಿಡಿದಿಡುವುದರಲ್ಲಿ ಸಿಟಾಗ್ಲಿಪ್ಟಿನ್ ಕಡೆಯಲ್ಲಿ ಉಳಿಯಿತು. ಗ್ಲಿಮೆಪಿರೈಡ್ ಕೂಡ ಇನ್ಸುಲಿನ್‌ಗಿಂತ ಹಿಂದೆಯೇ ಇತ್ತು. 8.5ರಿಂದ 7ಕ್ಕೆ ಇಳಿಯಬೇಕಾದವರಿಗೆ ಗ್ಲಿಪ್ಟಿನ್ ಒಂದೇ ಸಾಲುವುದು ಕಷ್ಟ, 7.6ರಲ್ಲಿ ನಿಂತವರಿಗೆ ಹೇಳಿ ಮಾಡಿಸಿದ್ದು.

ಒಳಗಿನ ವ್ಯತ್ಯಾಸಗಳು ಕಿಡ್ನಿಯ ಲೆಕ್ಕದವು. ಸಿಟಾಗ್ಲಿಪ್ಟಿನ್ ದಿನಕ್ಕೆ 100 ಮಿ.ಗ್ರಾಂ, ಇಜಿಎಫ್‌ಆರ್ 45ರ ಕೆಳಗೆ 50, 30ರ ಕೆಳಗೆ 25. ಲಿನಾಗ್ಲಿಪ್ಟಿನ್ ಯಾವ ಕಿಡ್ನಿಗೂ 5 ಮಿ.ಗ್ರಾಂ. ವಿಲ್ಡಾಗ್ಲಿಪ್ಟಿನ್ 50 ಮಿ.ಗ್ರಾಂ ದಿನಕ್ಕೆರಡು ಸಲ, ಶುರುವಿಗೆ ಮುಂಚೆ ಲಿವರ್ ಪರೀಕ್ಷೆ. ಗ್ಲಿಮೆಪಿರೈಡ್ ಜೊತೆಗಾದರೆ ದಿನಕ್ಕೆ ಒಂದೇ. ಟೆನೆಲಿಗ್ಲಿಪ್ಟಿನ್ 20 ಮಿ.ಗ್ರಾಂ, ಕಿಡ್ನಿಗೆಂದು ಬದಲಿಸಬೇಕಿಲ್ಲ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಸಾಕ್ಸಾಗ್ಲಿಪ್ಟಿನ್ ಬೇಡ. ಬೆನ್ನಿಗೆ ಚುಚ್ಚುವ ಬಿಡದ ಹೊಟ್ಟೆನೋವು, ಮೈಮೇಲೆ ನೀರುಗುಳ್ಳೆ, ಕಾರಣವಿಲ್ಲದ ಕೀಲುನೋವು ಬಂದರೆ ಇವನ್ನೂ ಅನುಮಾನಿಸಬೇಕು.

ಬೆಲೆಯ ಮಾತು ಈಗ ಬದಲಾಗಿದೆ. ಭಾರತದಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಕೊನೆಗೆ, ಸಿಟಾಗ್ಲಿಪ್ಟಿನ್‌ನದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದವು. ಡಾಪಾಗ್ಲಿಫ್ಲೋಜಿನ್ 2020ರಿಂದಲೇ ಹತ್ತಾರು ಕಂಪನಿಗಳಿಂದ ಬರುತ್ತಿದೆ. 2022ರಲ್ಲಿ ಜನೌಷಧಿ ಕೇಂದ್ರಗಳಿಗೆ ಬಂದ 50 ಮಿ.ಗ್ರಾಂ ಸಿಟಾಗ್ಲಿಪ್ಟಿನ್ ಹತ್ತು ಮಾತ್ರೆಗೆ 60 ರೂಪಾಯಿ ಇತ್ತು. ಐದು ವರ್ಷದ ಹಿಂದೆ ದುಬಾರಿ ಎಂದು ಬಿಟ್ಟ ಮಾತ್ರೆಯ ಬೆಲೆಯನ್ನು ಈಗ ಇನ್ನೊಮ್ಮೆ ವಿಚಾರಿಸಿ.

ಪಯೋಗ್ಲಿಟಜೋನ್, ವೋಗ್ಲಿಬೋಸ್, ಮತ್ತೊಂದು

ಪಯೋಗ್ಲಿಟಜೋನ್ ಫ್ಯಾಟಿ ಲಿವರ್ ಇರುವವರಿಗೆ, ಹೊಟ್ಟೆಯ ಸುತ್ತ ಕೊಬ್ಬು ತುಂಬಿ ಇನ್ಸುಲಿನ್ ನಾಟದವರಿಗೆ ಒಳ್ಳೆಯ ಜೋಡಿ. ಅಗ್ಗವೂ ಹೌದು. ಪೂರ್ತಿ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಒಂದೇ ತಿಂಗಳಿಗೆ ಕೈಬಿಡಬಾರದು. 15 ಮಿ.ಗ್ರಾಂ ಎಷ್ಟೋ ಜನರಿಗೆ ಸಾಕು. ಕಾಲು ಊದುತ್ತದೆ, ತೂಕ ಏರುತ್ತದೆ, ಹಾರ್ಟ್ ಫೇಲ್ಯೂರ್ ಇದ್ದವರಿಗೆ ನಿಷಿದ್ಧ, ಮುಟ್ಟು ನಿಂತ ಹೆಂಗಸರಿಗೆ ಮೂಳೆ ಮುರಿಯುವ ಅಪಾಯ ಹೆಚ್ಚು. ಮೂತ್ರಕೋಶದ ಕ್ಯಾನ್ಸರ್ ಶಂಕೆಯಿಂದ 2013ರ ಜೂನ್‌ನಲ್ಲಿ ಭಾರತ ಸರ್ಕಾರ ಇದನ್ನು ತಡೆಹಿಡಿದು, ಮುಂದಿನ ತಿಂಗಳೇ ಎಚ್ಚರಿಕೆಯ ಚೌಕಟ್ಟು ಮುದ್ರಿಸುವ ಷರತ್ತಿನ ಮೇಲೆ ಬಿಟ್ಟಿತು. ಮೂತ್ರದಲ್ಲಿ ರಕ್ತ ಕಂಡವರಿಗೆ, ಆ ಕ್ಯಾನ್ಸರ್ ಆಗಿದ್ದವರಿಗೆ ಬೇಡ. ಡಾಪಾಗ್ಲಿಫ್ಲೋಜಿನ್ ಜೊತೆ ಸೇರಿದರೆ ಒಂದು ಹಿಡಿದಿಟ್ಟ ನೀರನ್ನು ಇನ್ನೊಂದು ಹೊರಹಾಕುತ್ತದೆ, ಜಾಣ ಜೋಡಿ.

ವೋಗ್ಲಿಬೋಸ್ ಅನ್ನ, ದೋಸೆ, ರೊಟ್ಟಿ ಉಂಡ ಮೇಲಿನ ಏರಿಕೆಗೆ ಮಾತ್ರ. ಖಾಲಿ ಹೊಟ್ಟೆಯಲ್ಲಿ 115 ಇದ್ದು ಊಟದ ಎರಡು ಗಂಟೆ ಮೇಲೆ 230 ಏರುವವರಿಗೆ ಸರಿ, ಬೆಳಿಗ್ಗೆಯೇ 180 ಇರುವವರಿಗೆ ಇದರಿಂದ ಹೆಚ್ಚೇನೂ ಆಗದು. 0.2 ಅಥವಾ 0.3 ಮಿ.ಗ್ರಾಂ, ಊಟದ ಮೊದಲ ತುತ್ತಿನ ಜೊತೆ. ಉಂಡ ಅರ್ಧ ಗಂಟೆಗೆ ನುಂಗಿದರೆ ವ್ಯರ್ಥ. ಹೊಟ್ಟೆಯುಬ್ಬರ, ಗಾಳಿ ಇದ್ದದ್ದೇ. ಗ್ಲಿಮೆಪಿರೈಡ್ ಜೊತೆ ಇದನ್ನು ತೆಗೆದುಕೊಳ್ಳುವವರು ಒಂದು ಮಾತು ಮರೆಯಬಾರದು: ಲೋ ಶುಗರ್ ಆದಾಗ ಸಕ್ಕರೆ, ಬೆಲ್ಲ, ಚಾಕೊಲೇಟ್ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅವುಗಳನ್ನು ಒಡೆಯುವ ಕಿಣ್ವವನ್ನೇ ಈ ಮಾತ್ರೆ ಕಟ್ಟಿಹಾಕಿರುತ್ತದೆ. ಗ್ಲೂಕೋಸ್ ಪುಡಿಯೇ ಬೇಕು. ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಧೈರ್ಯವಾಗಿರುವವರು ಇದನ್ನು ಇನ್ನೊಮ್ಮೆ ಓದಲಿ.

ಸೆಮಾಗ್ಲುಟೈಡ್ ಮಾತ್ರೆ ತೂಕ ಇಳಿಸುವುದರಲ್ಲಿ ಮುಂದು, ಬೆಲೆಯಲ್ಲೂ ಮುಂದು. ಬರಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ, ಕಾಫಿಯನ್ನೂ ಕುಡಿಯದೆ ಅರ್ಧ ಗಂಟೆ ಕಾಯಬೇಕು. ಗ್ಲಿಪ್ಟಿನ್ ಜೊತೆ ಕೂಡಿಸಬಾರದು, ದಾರಿ ಒಂದೇ.

ಎರಡೂ ಒಂದೇ ಮಾತ್ರೆಯಲ್ಲಿ ಬಂದಾಗ

ಕಾಂಬಿನೇಷನ್ ಮಾತ್ರೆಯಿಂದ ನುಂಗುವ ಸಂಖ್ಯೆ ಕಡಿಮೆಯಾಗುತ್ತದೆ, ಮರೆಯುವುದೂ ಕಡಿಮೆ. ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ಮೊದಲ ದಿನದಿಂದಲೇ ವಿಲ್ಡಾಗ್ಲಿಪ್ಟಿನ್, ಮೆಟ್‌ಫಾರ್ಮಿನ್ ಎರಡನ್ನೂ ಕೊಟ್ಟ ವೆರಿಫೈ ಅಧ್ಯಯನದಲ್ಲಿ (2019) ಐದು ವರ್ಷದಲ್ಲಿ ಚಿಕಿತ್ಸೆ ಸೋತವರು 43.6%, ಮೆಟ್‌ಫಾರ್ಮಿನ್ ಮಾತ್ರ ಕೊಟ್ಟು ಶುರುಮಾಡಿದ ಗುಂಪಿನಲ್ಲಿ 62.1%. ಗುರಿಗಿಂತ ಒಂದೂವರೆ ಅಂಕ ಮೇಲಿದ್ದವರಿಗೆ ಎರಡರಿಂದಲೇ ಶುರುಮಾಡುವುದು ಈಗ ಸಾಮಾನ್ಯ.

ಆದರೆ ಸ್ಟ್ರಿಪ್ ಓದಲು ಬರಬೇಕು. ಬ್ರ್ಯಾಂಡ್ ಹೆಸರಿನ ಮುಂದಿನ 'ಎಂ' ಬಹುಮಟ್ಟಿಗೆ ಮೆಟ್‌ಫಾರ್ಮಿನ್, 'ಎಂ1', 'ಎಂ2'ರ ಅಂಕಿ ಗ್ಲಿಮೆಪಿರೈಡಿನ ಮಿ.ಗ್ರಾಂ, 'ಫೋರ್ಟ್' ಎಂದರೆ ಅನೇಕ ಬ್ರ್ಯಾಂಡ್‌ಗಳಲ್ಲಿ ಮೆಟ್‌ಫಾರ್ಮಿನ್ 500ರ ಬದಲು 1000. ಇದು ಕಾನೂನಲ್ಲ, ರೂಢಿ. ನಂಬಬೇಕಾದ್ದು ಹಿಂಬದಿಯ ಸಣ್ಣ ಅಕ್ಷರದ ವಿವರವನ್ನೇ. ಬೆಳಿಗ್ಗೆ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ 1000, ಮಧ್ಯಾಹ್ನ ಹಳೆಯ ಚೀಟಿಯ ಮೆಟ್‌ಫಾರ್ಮಿನ್ 500, ರಾತ್ರಿ ಸಿಟಾಗ್ಲಿಪ್ಟಿನ್-ಮೆಟ್‌ಫಾರ್ಮಿನ್ 1000: ಮೂರು ಬೇರೆ ಹೆಸರು, ಒಟ್ಟು 2500. ಇಜಿಎಫ್‌ಆರ್ 45ರ ಕೆಳಗಿದ್ದವರಿಗೆ 1000 ಮಿತಿ, 30ರ ಕೆಳಗೆ ಮೆಟ್‌ಫಾರ್ಮಿನ್ನೇ ಕೂಡದು. ಅಂಥವರಲ್ಲಿ ಈ ಮೊತ್ತ ಲ್ಯಾಕ್ಟಿಕ್ ಆಸಿಡೋಸಿಸ್‌ಗೆ (ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಪಾಯಕ್ಕೆ ಏರುವುದು) ದಾರಿ. ಎಸ್‌ಆರ್ ಭಾಗ ಇರುವ ಮಾತ್ರೆಯನ್ನು ಪುಡಿಮಾಡಬಾರದು, ಜಗಿಯಬಾರದು.

ಮೂರು ಔಷಧಿಯ ಒಂದೇ ಮಾತ್ರೆ ಬಗ್ಗೆ ನಮ್ಮದು ಅರೆಮನಸ್ಸು. ಡೋಸ್ ಕುದುರಿದ ಮೇಲೆ ಅನುಕೂಲ, ಕುದುರುವ ಮುಂಚೆ ತಲೆನೋವು. ಕಾಲು ಊದಿದರೆ, ಶುಗರ್ ಇಳಿದರೆ ಯಾವುದನ್ನು ತಗ್ಗಿಸುವುದು? ಮೂರನ್ನೂ ಕಳಚಬೇಕು. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 328 ಬಗೆಯ ಕಾಂಬಿನೇಷನ್ ಔಷಧಿಗಳನ್ನು ನಿಷೇಧಿಸಿದಾಗ ಶುಗರಿನ ಕೆಲವು ಮೂರರ ಮಾತ್ರೆಗಳೂ ಅದರಲ್ಲಿದ್ದವು. ಬಿಡಿಬಿಡಿಯಾಗಿ ಎರಡು ಮೂರು ತಿಂಗಳು ನೋಡಿ, ಸರಿಹೊಂದಿದ ಅಳತೆಯನ್ನೇ ಆಮೇಲೆ ಒಂದರಲ್ಲಿ ಹುಡುಕುವುದು ನೇರ ದಾರಿ.

ಹೊಸ ಮಾತ್ರೆ ಸೇರಿದ ಮೇಲೆ ವಾರಕ್ಕೆ ಎರಡು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ದೊಡ್ಡ ಊಟದ ಎರಡು ಗಂಟೆ ಮೇಲೆ ನೋಡಿ ಬರೆದಿಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್. ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡು ಪಾದ ಜೋಮು ಹಿಡಿಯುತ್ತಿದ್ದರೆ ಬಿ12 ನೋಡಿಸಬೇಕು, ಸಸ್ಯಾಹಾರಿಗಳಂತೂ ಖಂಡಿತ. ಶುಗರಿನಿಂದಲೇ ಬಂದ ಜೋಮು ಎಂದು ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಬಿ12 ಕೊರತೆ ಹೊರಬರುವುದು ಅಪರೂಪವೇನಲ್ಲ. ಆರು ತಿಂಗಳಿಗೂ ಅರ್ಧ ಅಂಕ ಇಳಿಯದ ಮಾತ್ರೆಯ ಮೇಲೆ ಇನ್ನೊಂದನ್ನು ಪೇರಿಸುವ ಬದಲು ಅದನ್ನು ತೆಗೆದು ಬದಲಿಸಿ ಎಂದು ಕೇಳಬಹುದು, ಹೃದಯ-ಕಿಡ್ನಿಗೆಂದು ಕೊಟ್ಟದ್ದೊಂದನ್ನು ಬಿಟ್ಟು. ಮಗುವಿಗೆ ಯೋಚಿಸುತ್ತಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ಹೇಳಬೇಕು. ಇಲ್ಲಿ ಹೇಳಿದ ಹೆಚ್ಚಿನವನ್ನು ಗರ್ಭ ನಿಲ್ಲುವ ಮುಂಚೆ ನಿಲ್ಲಿಸಿ ಇನ್ಸುಲಿನ್‌ಗೆ ಬದಲಾಗಬೇಕಾಗುತ್ತದೆ.

ವಾಂತಿ, ಭೇದಿ, ಜ್ವರದಿಂದ ಊಟ ಸೇರದ ದಿನ ಮೆಟ್‌ಫಾರ್ಮಿನ್ ಮತ್ತು ಗ್ಲಿಫ್ಲೋಜಿನ್ ಎರಡನ್ನೂ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಗ್ಲಿಮೆಪಿರೈಡ್ ಡೋಸ್ ಎಷ್ಟು ಎಂದು ಆಗಲೇ ಕೇಳಿ. ಉಣ್ಣದೆ ಪೂರ್ತಿ ಮಾತ್ರೆ ನುಂಗಬೇಡಿ. ಗ್ಲಿಪ್ಟಿನ್ ಸಾಮಾನ್ಯವಾಗಿ ಮುಂದುವರಿಯಬಹುದು. ಎಂದಿನಂತೆ ಉಂಡು ಕುಡಿದು ಒಂದೆರಡು ದಿನ ಕಳೆದ ಮೇಲೆ ನಿಲ್ಲಿಸಿದ್ದು ಮತ್ತೆ ಶುರು. ದೊಡ್ಡ ಆಪರೇಷನ್ ಗೊತ್ತಾಗಿದ್ದರೆ ಡಾಪಾ, ಎಂಪಾಗ್ಲಿಫ್ಲೋಜಿನ್‌ಗಳನ್ನು ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ಡೈ ಹಾಕಿ ತೆಗೆಯುವ ಆಂಜಿಯೋಗ್ರಾಂಗೆ ಮುಂಚೆ, ಕಿಡ್ನಿ ಕುಂದಿದವರ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆ ಕಳೆದು ಕ್ರಿಯಾಟಿನಿನ್ ನೋಡಿ ಮತ್ತೆ ಕೊಡುತ್ತಾರೆ. ಆಸ್ಪತ್ರೆಗೆ ಹೊರಡುವಾಗ ಮಾತ್ರೆಗಳನ್ನು ಬಿಡಿಯಾಗಿ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ, ಹೆಸರು ಕಾಣುವ ಸ್ಟ್ರಿಪ್‌ಗಳನ್ನೇ ಒಯ್ಯಿರಿ.